ಮೂತ್ರಮಾರ್ಗವೂ ಮಲೆನಾಡಿನ ಮದ್ದುಗಳೂ

ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನಲ್ಲಿ ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಎಂಬ ಮೂರು ತಾಲ್ಲೂಕುಗಳಿವೆ. ಶೃಂಗೇರಿಯ ಮಗ್ಗುಲಲ್ಲಿ ತುಂಗೆ ಹರಿಯುತ್ತಾಳೆ. ನರಸಿಂಹರಾಜಪುರದ ಸೀಮೆಯಲ್ಲಿ ಭದ್ರೆ ಹರಿಯುತ್ತಾಳೆ. ಅಡಕೆಯ ತೋಟ, ಗದ್ದೆ, ಕಾಡು, ಮಳೆ ಇವೇ ಇಲ್ಲಿಯ ಸಂಪತ್ತು. ನೀರಿಗೆ ಬರವಿಲ್ಲದ ಇಂತಹ ನಾಡಿನವರಿಗೂ ಮೂತ್ರದ ಕಲ್ಲಿನ ಬಾಧೆ ಅಪರಿಚಿತವಲ್ಲ. ಅದಕ್ಕೆ ಬಾಳೆದಿಂಡಿನ ರಸ, ಹುರುಳಿಯ ಕಟ್ಟು, ಕಾಡುಬಸಳೆಯ ಎಲೆ ಮೊದಲಾದ ಮದ್ದುಗಳನ್ನು ನಮ್ಮ ನಾಡಿನ ಜನ ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ.

ಈ ಭಾಗದ ನಾಟಿವೈದ್ಯರ ಸಸ್ಯಜ್ಞಾನವು ವಿದ್ವಾಂಸರ ಗಮನಕ್ಕೆ ಬಾರದೆ ಉಳಿದಿಲ್ಲ. ಕುವೆಂಪು ವಿಶ್ವವಿದ್ಯಾನಿಲಯದ ಸಸ್ಯವಿಜ್ಞಾನಿಗಳು ಶೃಂಗೇರಿ ತಾಲ್ಲೂಕಿನ ಜನರ ಔಷಧಿಸಸ್ಯಗಳ ತಿಳಿವಳಿಕೆಯನ್ನು ಕುರಿತು ೨೦೦೬ರಲ್ಲಿಯೂ, ನರಸಿಂಹರಾಜಪುರ ತಾಲ್ಲೂಕಿನ ಜನಪದ ವೈದ್ಯವನ್ನು ಕುರಿತು ೨೦೧೦ರಲ್ಲಿಯೂ ಲೇಖನಗಳನ್ನು ಪ್ರಕಟಿಸಿದರು. ಕೊಪ್ಪದಲ್ಲಿ ಎ. ಎಲ್. ಎನ್. ರಾವ್ ಸ್ಮಾರಕ ಆಯುರ್ವೇದ ವೈದ್ಯಕೀಯ ಮಹಾವಿದ್ಯಾಲಯವಿದೆ. ಹೀಗೆ ಹಳೆಯ ಶಾಸ್ತ್ರ, ಹಳ್ಳಿಯ ಅನುಭವ, ಹೊಸ ವಿಜ್ಞಾನ ಈ ಮೂರೂ ಕೂಡುವ ಸ್ಥಳದಲ್ಲಿ ಒಂದು ಪ್ರಶ್ನೆ ಸಹಜವಾಗಿ ಏಳುತ್ತದೆ. ಮದ್ದು ಕುಡಿದ ಮೇಲೆ ಕಲ್ಲು ಬಿದ್ದುಹೋಯಿತು ಎಂದು ಒಬ್ಬನು ಹೇಳಿದರೆ, ಕಲ್ಲನ್ನು ಬೀಳಿಸಿದುದು ಆ ಮದ್ದೇ ಎಂದು ನಾವು ನಂಬಬಹುದೆ? ಇದಕ್ಕೆ ಉತ್ತರ ಹೇಳಬೇಕಾದರೆ ಮೊದಲು ಮೂತ್ರಮಾರ್ಗದ ರಚನೆಯನ್ನು ಅರಿಯಬೇಕು.

ಹೊಸ ಮಡಕೆಯ ಉಪಮಾನ

ಮೂತ್ರವು ಎಲ್ಲಿ ಹುಟ್ಟುತ್ತದೆ? ಸುಶ್ರುತ ಸಂಹಿತೆಯು ಇದಕ್ಕೆ ಎರಡು ಸೊಗಸಾದ ಉಪಮಾನಗಳಿಂದ ಉತ್ತರ ಕೊಡುತ್ತದೆ. ನದಿಗಳು ಸಮುದ್ರವನ್ನು ತುಂಬುವಂತೆ, ಪಕ್ವಾಶಯದ ಕಡೆಯಿಂದ ಬರುವ ಸೂಕ್ಷ್ಮ ನಾಡಿಗಳು ಬಸ್ತಿಯನ್ನು, ಎಂದರೆ ಮೂತ್ರಾಶಯವನ್ನು, ತುಂಬುತ್ತವೆ ಎಂಬುದು ಒಂದು. ಹೊಸ ಮಣ್ಣಿನ ಮಡಕೆಯನ್ನು ಕಂಠದವರೆಗೆ ನೀರಿನಲ್ಲಿ ಇಳಿಸಿಟ್ಟರೆ ಅದರ ಪಕ್ಕಗಳಿಂದ ನೀರು ಜಿನುಗಿ ಒಳಗೆ ತುಂಬುವಂತೆ ಬಸ್ತಿಯು ತುಂಬುತ್ತದೆ ಎಂಬುದು ಇನ್ನೊಂದು. ವೃಕ್ಕಗಳನ್ನು ಪ್ರಾಚೀನರು ಬಲ್ಲರು; ಆದರೆ ಅವಕ್ಕೆ ಮೇದಸ್ಸಿನೊಡನೆ ಸಂಬಂಧವನ್ನು ಕಲ್ಪಿಸಿದರೇ ಹೊರತು ಮೂತ್ರದೊಡನೆ ಕಲ್ಪಿಸಲಿಲ್ಲ.

ಕ್ರಿಸ್ತಶಕದ ಎರಡನೆಯ ಶತಮಾನದಲ್ಲಿ ರೋಮಿನಲ್ಲಿದ್ದ ಗೇಲನ್ ಎಂಬ ವೈದ್ಯನು ಈ ಪ್ರಶ್ನೆಯನ್ನು ಪ್ರಯೋಗದಿಂದ ಬಿಡಿಸಿದನು. ಅವನು ಪ್ರಾಣಿಯ ಎರಡು ಮೂತ್ರನಾಳಗಳನ್ನೂ ದಾರದಿಂದ ಬಿಗಿದು ಕಟ್ಟಿದನು. ಕಟ್ಟಿನ ಮೇಲೆ ನಾಳಗಳು ಉಬ್ಬಿದುವು. ಕೆಳಗೆ ಮೂತ್ರಾಶಯವು ಬರಿದಾಗಿಯೇ ಉಳಿಯಿತು. ಮೂತ್ರವು ಮೂತ್ರಪಿಂಡದಲ್ಲಿ ಹುಟ್ಟಿ ಕೆಳಕ್ಕೆ ಬರುತ್ತದೆಂದು ಇದರಿಂದ ಸಿದ್ಧವಾಯಿತು.

ಹಾಗಾದರೆ ಮಡಕೆಯ ಉಪಮಾನವು ವ್ಯರ್ಥವೆ? ಹಾಗೆನ್ನಲಾಗದು. ಇಟಲಿಯ ಮಾಲ್ಪೀಗಿ ಎಂಬವನು ೧೬೬೬ರಲ್ಲಿ ಮೂತ್ರಪಿಂಡದೊಳಗೆ ಸಣ್ಣ ಸಣ್ಣ ಗುಂಡುಗಳನ್ನು ಸೂಕ್ಷ್ಮದರ್ಶಕದಿಂದ ಕಂಡನು. ೧೮೪೨ರಲ್ಲಿ ಇಂಗ್ಲೆಂಡಿನ ಬೌಮನ್ ಎಂಬವನು, ಅಂತಹ ಪ್ರತಿಯೊಂದು ಗುಂಡೂ ಲೋಮನಾಳಗಳ ಒಂದು ಉಂಡೆಯೆಂದೂ, ಅದನ್ನು ಸುತ್ತಿದ ಚೀಲದಿಂದಲೇ ಒಂದು ಸೂಕ್ಷ್ಮ ನಳಿಕೆ ಹೊರಡುತ್ತದೆಂದೂ ತೋರಿಸಿದನು. ೧೯೨೪ರಲ್ಲಿ ಅಮೆರಿಕದ ವೆರ್ನ್ ಮತ್ತು ರಿಚರ್ಡ್ಸ್ ಎಂಬವರು ಕೂದಲೆಳೆಯಂತಹ ಗಾಜಿನ ಸೂಜಿಯಿಂದ ಕಪ್ಪೆಯ ಮೂತ್ರಪಿಂಡದ ಚೀಲವನ್ನು ಚುಚ್ಚಿ, ಅದರೊಳಗಿನ ದ್ರವವನ್ನು ಹೀರಿ ಪರೀಕ್ಷಿಸಿದರು. ರಕ್ತದಲ್ಲಿರುವ ಸಕ್ಕರೆ, ಉಪ್ಪುಗಳು ಅದರಲ್ಲಿದ್ದುವು; ಪ್ರೋಟೀನು ಮಾತ್ರ ಇರಲಿಲ್ಲ. ಎಂದರೆ ರಕ್ತವು ಅಲ್ಲಿ ಸೋಸಲ್ಪಟ್ಟಿತ್ತು. ಸೂಕ್ಷ್ಮ ರಂಧ್ರಗಳಿಂದ ನೀರು ಜಿನುಗುವುದೇನೋ ನಿಜ. ಅದು ಜಿನುಗುವ ಸ್ಥಳ ಮಾತ್ರ ಮೂತ್ರಾಶಯವಲ್ಲ, ಮೂತ್ರಪಿಂಡ.

ಮಾರ್ಗದ ರಚನೆ

ಹೊಟ್ಟೆಯ ಹಿಂಭಾಗದಲ್ಲಿ, ಬೆನ್ನುಮೂಳೆಯ ಎರಡು ಪಕ್ಕಗಳಲ್ಲಿ, ಸುಮಾರು ೧೧ ಸೆಂಟಿಮೀಟರು ಉದ್ದದ ಎರಡು ಮೂತ್ರಪಿಂಡಗಳಿವೆ. ಒಂದೊಂದರಲ್ಲಿಯೂ ಸುಮಾರು ೧೦ ಲಕ್ಷ ಸೋಸುವ ಘಟಕಗಳಿವೆ. ಇವೆಲ್ಲ ಸೇರಿ ದಿನವೊಂದಕ್ಕೆ ಸುಮಾರು ೧೮೦ ಲೀಟರು ದ್ರವವನ್ನು ಸೋಸುತ್ತವೆ. ಅಷ್ಟೂ ಹೊರಗೆ ಹೋದರೆ ನಾವು ಬದುಕುವುದೆಂತು? ನಳಿಕೆಗಳು ಅದರಲ್ಲಿ ದೇಹಕ್ಕೆ ಬೇಕಾದುದೆಲ್ಲವನ್ನೂ ಮತ್ತೆ ಹೀರಿಕೊಂಡು, ಕಡೆಗೆ ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಕಳುಹಿಸುತ್ತವೆ.

ಈ ಮೂತ್ರವು ಎರಡು ಮೂತ್ರನಾಳಗಳಲ್ಲಿ ಇಳಿದು ಮೂತ್ರಾಶಯವನ್ನು ಸೇರುತ್ತದೆ. ಆದರೆ ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರುವಂತೆ ತಾನಾಗಿ ಹರಿದು ಸೇರುವುದಲ್ಲ. ನಾಳದ ಗೋಡೆಯ ಸ್ನಾಯುಗಳು ಅಲೆಅಲೆಯಾಗಿ ಸಂಕುಚಿಸಿ ಅದನ್ನು ಕೆಳಕ್ಕೆ ದೂಡುತ್ತವೆ. ಮಲಗಿದ್ದಾಗಲೂ ಮೂತ್ರವು ಮೂತ್ರಾಶಯಕ್ಕೆ ಇಳಿಯುವುದು ಇದರಿಂದಲೇ. ೨೫ರಿಂದ ೩೦ ಸೆಂಟಿಮೀಟರು ಉದ್ದದ ಈ ನಾಳವು ಮೂರು ಕಡೆಗಳಲ್ಲಿ ಕಿರಿದಾಗುತ್ತದೆ: ಮೂತ್ರಪಿಂಡದಿಂದ ಹೊರಡುವಲ್ಲಿ, ಕಟಿಯ ಅಂಚಿನಲ್ಲಿ ದೊಡ್ಡ ರಕ್ತನಾಳಗಳನ್ನು ದಾಟುವಲ್ಲಿ, ಮೂತ್ರಾಶಯವನ್ನು ಹೊಗುವಲ್ಲಿ. ಇಳಿದುಬರುವ ಕಲ್ಲು ಸಾಮಾನ್ಯವಾಗಿ ಸಿಕ್ಕಿಕೊಳ್ಳುವುದು ಈ ಮೂರು ಇಕ್ಕಟ್ಟುಗಳಲ್ಲಿಯೇ. ಮೂತ್ರಾಶಯದಿಂದ ಹೊರಕ್ಕೆ ಹೋಗುವ ನಾಳವು ಗಂಡಸರಲ್ಲಿ ಸುಮಾರು ೨೦ ಸೆಂಟಿಮೀಟರು, ಹೆಂಗಸರಲ್ಲಿ ಸುಮಾರು ೪ ಸೆಂಟಿಮೀಟರು ಉದ್ದವಿದೆ. ಈ ಒಂದು ಅಂತರವು ಎಷ್ಟು ಮುಖ್ಯವೆಂಬುದನ್ನು ಮುಂದೆ ನೋಡೋಣ.

ಕಲ್ಲು ಕಟ್ಟುವ ಬಗೆ

ಬಿಸಿನೀರಿನಲ್ಲಿ ಸಕ್ಕರೆಯನ್ನು ಮಿತಿಮೀರಿ ಕರಗಿಸಿ ಆರಲು ಬಿಟ್ಟರೆ ಹರಳುಗಳು ಕಟ್ಟುತ್ತವೆ. ಮೂತ್ರದಲ್ಲಿ ಕಲ್ಲು ಕಟ್ಟುವುದೂ ಇದೇ ನ್ಯಾಯದಿಂದ. ಕರಗಿರುವ ಪದಾರ್ಥ ಹೆಚ್ಚಾದರೆ, ಇಲ್ಲವೆ ಕರಗಿಸುವ ನೀರು ಕಡಮೆಯಾದರೆ, ಹರಳು ಮೂಡುತ್ತದೆ. ಕಲ್ಲುಗಳಲ್ಲಿ ಬಹುಪಾಲು ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಲವಣದಿಂದಾದುವು; ಕೆಲವು ಯೂರಿಕ್ ಆಮ್ಲದವು; ಕೆಲವು ಸೋಂಕಿನಿಂದ ಹುಟ್ಟತಕ್ಕವು.

ಕ್ಯಾಲ್ಸಿಯಂ ಆಕ್ಸಲೇಟನ್ನು ನಮ್ಮ ಓದುಗರಲ್ಲಿ ಹಲವರು ತಿಳಿಯದೆಯೇ ಬಲ್ಲರು. ಪತ್ರೊಡೆಗೆ ತಂದ ಕೆಸುವಿನ ಎಲೆ ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುವುದಷ್ಟೆ? ಆ ಎಲೆಯಲ್ಲಿರುವ ಸೂಜಿಯಂತಹ ಹರಳುಗಳು ಇದೇ ಲವಣದವು. ಧಾರೆಹುಳಿ, ಬಿಂಬುಳಿ, ಪಾಲಕ್ ಸೊಪ್ಪುಗಳಲ್ಲಿಯೂ ಆಕ್ಸಲೇಟು ಹೇರಳವಾಗಿದೆ.

ಸಿಕ್ಕಿಕೊಂಡ ಕಲ್ಲು ಏನು ಮಾಡುತ್ತದೆ? ತೋಟದ ಬಸಿಗಾಲುವೆ ಕಟ್ಟಿಕೊಂಡರೆ ನೀರು ಮೇಲಕ್ಕೆ ನಿಂತು ಅಡಕೆಯ ಬೇರು ಕೊಳೆಯುವುದನ್ನು ಮಲೆನಾಡಿಗರು ಬಲ್ಲರು. ಅದರಂತೆಯೇ ನಾಳವು ಕಟ್ಟಿಕೊಂಡರೆ ಮೂತ್ರವು ಹಿಂದಕ್ಕೆ ನಿಂತು ಮೂತ್ರಪಿಂಡವು ಉಬ್ಬುತ್ತದೆ. ಬಹುಕಾಲ ಹಾಗೆಯೇ ಇದ್ದರೆ ಸೋಸುವ ಘಟಕಗಳು ನಾಶವಾಗುತ್ತವೆ. ನೋವು ನಿಂತಿತೆಂಬುದರಿಂದಲೇ ಕಲ್ಲು ಹೋಯಿತೆಂದು ಭಾವಿಸತಕ್ಕದ್ದಲ್ಲ. ಕಲ್ಲು ಕದಲದೆ ಕುಳಿತಾಗಲೂ ನೋವು ಅಡಗುವುದುಂಟು.

ಮದ್ದಿನ ಪರೀಕ್ಷೆ

ಈಗ ನಮ್ಮ ಮೊದಲಿನ ಪ್ರಶ್ನೆಗೆ ಬರೋಣ. ಅಮೆರಿಕ ಮತ್ತು ಯೂರೋಪಿನ ಮೂತ್ರರೋಗತಜ್ಞರು ೨೦೦೭ರಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮೂತ್ರನಾಳದಲ್ಲಿರುವ ೫ ಮಿಲಿಮೀಟರಿಗೆ ಮೀರದ ಕಲ್ಲುಗಳಲ್ಲಿ ನೂರಕ್ಕೆ ಸುಮಾರು ೬೮ ತಾವಾಗಿಯೇ ಹೊರಬೀಳುತ್ತವೆಂದು ಕಂಡುಬಂದಿತು. ಹಾಗಾದರೆ ಸಣ್ಣ ಕಲ್ಲುಳ್ಳ ನೂರು ಮಂದಿಗೆ ಯಾವ ಗುಣವೂ ಇಲ್ಲದ ಒಂದು ಎಲೆಯನ್ನು ಕೊಟ್ಟರೂ ಅರವತ್ತಕ್ಕೂ ಹೆಚ್ಚು ಮಂದಿ ಗುಣವಾಯಿತೆಂದು ಹೊಗಳಿಯಾರು! ಅದರ ಮೇಲೆ, ಮದ್ದನ್ನು ಕೊಟ್ಟವರು ಹೊಟ್ಟೆತುಂಬ ನೀರು ಕುಡಿಯಿರೆಂದೂ ಹೇಳಿರುತ್ತಾರೆ. ಗುಣವು ಎಲೆಯದೋ, ನೀರಿನದೋ, ಪ್ರಕೃತಿಯದೋ ಎಂದು ತಿಳಿಯುವುದು ಹೇಗೆ?

ಇದಕ್ಕೆ ಒಂದೇ ದಾರಿ. ಸಮಾನ ಸ್ಥಿತಿಯ ರೋಗಿಗಳನ್ನು ಚೀಟಿಯೆತ್ತಿ ಎರಡು ಪಂಗಡಗಳಾಗಿ ಮಾಡಬೇಕು. ಎರಡಕ್ಕೂ ಒಂದೇ ಪಥ್ಯ, ಒಂದೇ ಪ್ರಮಾಣದ ನೀರನ್ನು ವಿಧಿಸಿ, ಒಂದಕ್ಕೆ ಮಾತ್ರ ಮದ್ದನ್ನು ಕೊಟ್ಟು, ಫಲವನ್ನು ಎಣಿಸಬೇಕು. ಇಟಲಿಯ ಬೋರ್ಗಿ ಮತ್ತು ಅವರ ಸಂಗಡಿಗರು ನೀರನ್ನೇ ಹೀಗೆ ಪರೀಕ್ಷೆಗೆ ಒಡ್ಡಿದರು. ಒಮ್ಮೆ ಕಲ್ಲಾಗಿದ್ದ ೧೯೯ ಮಂದಿಯಲ್ಲಿ ಒಂದು ಪಂಗಡದವರು, ದಿನಕ್ಕೆ ಎರಡು ಲೀಟರಿಗೆ ಕಡಮೆಯಾಗದಂತೆ ಮೂತ್ರ ಬರುವಷ್ಟು ನೀರು ಕುಡಿದರು. ೧೯೯೬ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಐದು ವರ್ಷಗಳಲ್ಲಿ ನೀರು ಕುಡಿದವರಲ್ಲಿ ನೂರಕ್ಕೆ ೧೨ ಮಂದಿಗೂ ಉಳಿದವರಲ್ಲಿ ೨೭ ಮಂದಿಗೂ ಕಲ್ಲು ಮರಳಿತು. ಇದೇ ಪಂಡಿತರು ೨೦೦೨ರಲ್ಲಿ ಇನ್ನೊಂದು ಸಂಗತಿಯನ್ನು ಹೊರಗೆಡಹಿದರು. ಕಲ್ಲಿನಲ್ಲಿ ಕ್ಯಾಲ್ಸಿಯಂ ಇದೆಯೆಂದು ಹಾಲುಮೊಸರುಗಳನ್ನು ಬಿಡಿಸುವ ವಾಡಿಕೆಯಿತ್ತು. ಆದರೆ ಹಾಗೆ ಕ್ಯಾಲ್ಸಿಯಂ ತಗ್ಗಿಸಿದ ೬೦ ಮಂದಿಯಲ್ಲಿ ೨೩ ಮಂದಿಗೆ ಕಲ್ಲು ಮರಳಿತು. ಕ್ಯಾಲ್ಸಿಯಮನ್ನು ಎಂದಿನಂತೆ ಸೇವಿಸಿ, ಉಪ್ಪನ್ನೂ ಮಾಂಸವನ್ನೂ ತಗ್ಗಿಸಿದ ೬೦ ಮಂದಿಯಲ್ಲಿ ೧೨ ಮಂದಿಗೆ ಮಾತ್ರ ಮರಳಿತು. ಇದಕ್ಕೆ ಒಂದು ಕಾರಣವನ್ನು ಊಹಿಸಬಹುದು: ಆಹಾರದ ಕ್ಯಾಲ್ಸಿಯಂ ಕರುಳಿನಲ್ಲಿಯೇ ಆಕ್ಸಲೇಟನ್ನು ಹಿಡಿದು ಮಲದೊಡನೆ ಹೊರಹಾಕುತ್ತದೆ. ಪತ್ರೊಡೆಯೊಡನೆ ಮೊಸರನ್ನು ಬಡಿಸುವುದು ಆದ್ದರಿಂದ ಅವಿವೇಕವೇನೂ ಅಲ್ಲ.

ನಮ್ಮ ಬಾಳೆದಿಂಡಿನ ವಿಚಾರವೇನು? ಅದರ ರಸವು ಇಲಿಗಳ ಮೂತ್ರದಲ್ಲಿ ಆಕ್ಸಲೇಟನ್ನು ತಗ್ಗಿಸಿತೆಂದು ಭಾರತದಲ್ಲಿ ನಡೆದ ಪ್ರಯೋಗಗಳು ಹೇಳಿವೆ. ಇದು ಆಶಾದಾಯಕ, ಆದರೆ ಇಲಿಯಲ್ಲಿ ಕಂಡುದು ಮನುಷ್ಯನಲ್ಲಿಯೂ ಕಂಡೀತೆಂಬುದಕ್ಕೆ ಬೇರೆಯೇ ಪರೀಕ್ಷೆ ಬೇಕು. ಹುರುಳಿ, ಕಾಡುಬಸಳೆ, ಸುಶ್ರುತನು ಅಶ್ಮರಿಗೆ ವಿಧಿಸಿದ ವರುಣ ಇವುಗಳಿಗೂ ಇದೇ ಮಾತು ಸಲ್ಲುತ್ತದೆ.

ಹಸಿರೆಲ್ಲವೂ ಅಮೃತವಲ್ಲ

ಗಿಡಮೂಲಿಕೆಯಿಂದ ಗುಣವಾಗದಿದ್ದರೂ ಕೆಡುಕಾಗದು ಎಂಬ ನಂಬಿಕೆ ಬಹುಮಂದಿಯಲ್ಲಿದೆ. ಇದು ಅಪಾಯಕರ. ಬಿಂಬುಳಿಯ ರಸವನ್ನು ಔಷಧಿಯೆಂದು ಹೆಚ್ಚಾಗಿ ಕುಡಿದ ಹತ್ತು ಮಂದಿಯ ಮೂತ್ರಪಿಂಡಗಳು ಆಕ್ಸಲೇಟಿನಿಂದ ಕೆಟ್ಟುದನ್ನು ಕೇರಳದ ವೈದ್ಯರು ೨೦೧೩ರಲ್ಲಿ ವರದಿಮಾಡಿದರು.

ಇದಕ್ಕಿಂತಲೂ ಘೋರವಾದುದು ಈಶ್ವರಬಳ್ಳಿಯ ಕುಲದ ಕಥೆ. ಬೆಲ್ಜಿಯಮಿನಲ್ಲಿ ಮೈ ಇಳಿಸಿಕೊಳ್ಳಲು ಮೂಲಿಕೆಯ ಪುಡಿಯನ್ನು ಸೇವಿಸಿದ ಹೆಂಗಸರ ಮೂತ್ರಪಿಂಡಗಳು ಶೀಘ್ರವಾಗಿ ಕೆಟ್ಟ ಸಂಗತಿಯು ೧೯೯೩ರಲ್ಲಿ ಪ್ರಕಟವಾಯಿತು. ಒಂದು ಮೂಲಿಕೆಗೆ ಬದಲಾಗಿ ಅರಿಸ್ಟೊಲೋಕಿಯ ಎಂಬ ಕುಲದ ಬೇರು ಅದರಲ್ಲಿ ಸೇರಿತ್ತು. ೨೦೦೦ದಲ್ಲಿ ಇಂತಹ ೩೯ ರೋಗಿಗಳಿಂದ ತೆಗೆದ ಮೂತ್ರಪಿಂಡ ಮತ್ತು ಮೂತ್ರನಾಳಗಳನ್ನು ಪರೀಕ್ಷಿಸಲಾಗಿ ೧೮ ಮಂದಿಯಲ್ಲಿ ಮೂತ್ರಮಾರ್ಗದ ಏಡಿಗಂತಿ ಕಂಡುಬಂದಿತು. ನಮ್ಮಲ್ಲಿ ವಿಷಕ್ಕೆ ಮದ್ದೆಂದು ಹೆಸರಾದ ಈಶ್ವರಬಳ್ಳಿಯೂ ಇದೇ ಕುಲಕ್ಕೆ ಸೇರಿದೆ. ಅದೇ ವಿಷಾಮ್ಲವು ಅದರಲ್ಲಿಯೂ ಇದೆ. ಈ ಹಾನಿಯು ತಿಂದ ದಿನವೇ ತೋರದು, ವರುಷಗಳ ಮೇಲೆ ತೋರುತ್ತದೆ. ಆದುದರಿಂದ ಹಳ್ಳಿಯ ಅನುಭವವು ಎಷ್ಟೇ ಹಳೆಯದಾದರೂ ಇದನ್ನು ಕಂಡುಹಿಡಿಯಲಾರದು. ಜನಪದ ವೈದ್ಯವನ್ನು ಪಟ್ಟಿಮಾಡುವ ಕೆಲಸವು ಆರಂಭ ಮಾತ್ರ. ತೂಗಿನೋಡುವ ಕೆಲಸವು ಅದನ್ನು ಹಿಂಬಾಲಿಸಬೇಕು.

ಸೋಂಕು

ಕರುಳಿನಲ್ಲಿ ನಿರಪಾಯವಾಗಿ ವಾಸಿಸುವ ಬ್ಯಾಕ್ಟೀರಿಯಗಳು ಮೂತ್ರಮಾರ್ಗವನ್ನು ಹೊಕ್ಕರೆ ಉರಿಮೂತ್ರ ಉಂಟಾಗುತ್ತದೆ. ಹೆಂಗಸರಲ್ಲಿ ನಾಳವು ಗಿಡ್ಡವಾದುದರಿಂದ ಅವಕ್ಕೆ ಮೂತ್ರಾಶಯವು ಹತ್ತಿರ. ೧೯೫೬ರಲ್ಲಿ ಅಮೆರಿಕದ ಕ್ಯಾಸ್ ಎಂಬವರು, ಮಿಲಿಲೀಟರಿಗೆ ಒಂದು ಲಕ್ಷಕ್ಕೂ ಮೇಲ್ಪಟ್ಟು ಬ್ಯಾಕ್ಟೀರಿಯಗಳಿದ್ದರೆ ನಿಜವಾದ ಸೋಂಕೆಂದು ಭಾವಿಸಬಹುದೆಂಬ ಅಳತೆಯನ್ನು ಕೊಟ್ಟರು. ಇಂದಿಗೂ ಪ್ರಯೋಗಶಾಲೆಗಳಲ್ಲಿ ಅದು ಬಳಕೆಯಲ್ಲಿದೆ. ಆಗಾಗ್ಗೆ ಬರುವ ಮೂತ್ರವು ಹೊಕ್ಕ ಬ್ಯಾಕ್ಟೀರಿಯಗಳನ್ನು ತೊಳೆದುಹಾಕುತ್ತದೆ. ಶಾಲೆಯಲ್ಲಿ ತಕ್ಕ ಶೌಚಾಲಯವಿಲ್ಲವೆಂದು ಬೆಳಗಿನಿಂದ ನೀರು ಕುಡಿಯದೆ, ಮೂತ್ರವನ್ನು ತಡೆದು ಕುಳಿತುಕೊಳ್ಳುವ ವಿದ್ಯಾರ್ಥಿನಿಯು ಈ ರಕ್ಷಣೆಯನ್ನು ಕಳೆದುಕೊಳ್ಳುತ್ತಾಳೆ. ಹಾಗೆ ನೋಡಿದರೆ ಶಾಲೆಯ ಶೌಚಾಲಯವೂ ಒಂದು ಔಷಧಿಯೇ ಸರಿ.

ಇಂದು ಕಲ್ಲನ್ನು ತೆಗೆಯುವ ಉಪಾಯಗಳು ಹಲವು. ೧೯೮೦ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಮೈಯನ್ನು ಕೊಯ್ಯದೆ ಹೊರಗಿನಿಂದಲೇ ಆಘಾತತರಂಗಗಳನ್ನು ಹಾಯಿಸಿ ಮೊದಲ ಬಾರಿಗೆ ರೋಗಿಯೊಬ್ಬನ ಕಲ್ಲನ್ನು ಪುಡಿಮಾಡಲಾಯಿತು. ಆದರೆ ಯಾವ ಉಪಾಯವೂ ಫಲಿಸಬೇಕಾದರೆ ರೋಗಿಯು ಹೊತ್ತಿಗೆ ಸರಿಯಾಗಿ ವೈದ್ಯರನ್ನು ಸೇರಬೇಕು. ಪಕ್ಕೆಯ ನೋವಿನೊಡನೆ ಚಳಿಜ್ವರ ಬಂದರೆ, ಮೂತ್ರದಲ್ಲಿ ರಕ್ತ ಕಂಡರೆ, ಇಲ್ಲವೆ ಮೂತ್ರವೇ ನಿಂತುಹೋದರೆ, ಮನೆಮದ್ದಿನಲ್ಲಿ ಕಾಲಹರಣ ಮಾಡತಕ್ಕದ್ದಲ್ಲ. ಕಟ್ಟಿಕೊಂಡ ನಾಳದಲ್ಲಿ ಸೋಂಕು ಸೇರಿದರೆ ಪ್ರಾಣಕ್ಕೇ ಕುತ್ತು. ಕಾಡಿನ ನಡುವಣ ಒಂಟಿಮನೆಯಿಂದ ಆಸ್ಪತ್ರೆಗೆ ದೂರವಿರುವ ಮಲೆನಾಡಿನಲ್ಲಿ ಈ ಎಚ್ಚರವು ಇನ್ನೂ ಅಗತ್ಯ.

ಉಳಿದ ದಿನಗಳಲ್ಲಿ ಮಾಡಬೇಕಾದುದು ಸುಲಭ. ಬೇಸಗೆಯಲ್ಲಿ ಬೆವರು ಸುರಿಸಿ ದುಡಿಯುವವರೂ, ಮಳೆಗಾಲದಲ್ಲಿ ಬಾಯಾರಿಕೆಯನ್ನೇ ಮರೆಯುವವರೂ ಮೂತ್ರದ ಬಣ್ಣವನ್ನು ಗಮನಿಸಲಿ. ಅದು ಗಾಢವಾದ ಹಳದಿಯಾದರೆ ಬಹುಮಟ್ಟಿಗೆ ನೀರು ಸಾಲದೆಂದೇ ಅರ್ಥ. ಊರಿನ ಸುತ್ತ ಎಷ್ಟು ಹೊಳೆ ಹರಿದರೇನು? ನಾವು ಕುಡಿದ ನೀರು ಮಾತ್ರ ನಮ್ಮ ಮೂತ್ರಪಿಂಡಕ್ಕೆ ಸಲ್ಲುತ್ತದೆ.