ಎಷ್ಟರಿಂದ ಎಷ್ಟಕ್ಕೆ ಇಳಿಯಿತು?

ಬೆಳಿಗ್ಗೆ ಕಾಫಿಗೆ ಮುಂಚೆ ಅಮ್ಮ ಬೆರಳಿಗೆ ಸೂಜಿ ಚುಚ್ಚಿಕೊಂಡು ಗ್ಲುಕೋಮೀಟರ್ ನೋಡುತ್ತಾಳೆ. ನಿನ್ನೆ 158, ಇವತ್ತು 146. "ಮೆಂತ್ಯದ ನೀರು ಕೆಲಸ ಮಾಡ್ತಿದೆ ನೋಡು" ಎನ್ನುತ್ತಾ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಡುತ್ತಾಳೆ.

ಅಂಕಿ ಇಳಿದರೆ ಶುಗರ್ ಇಳಿಯಿತು ಎಂಬುದು ನಂಬಿಕೆ. ಆದರೆ ಇಂಥ ಉಪಕರಣಗಳಿಗೆ 2013ರ ಐಎಸ್‌ಒ ಮಾನದಂಡ ಕೇಳುವುದಿಷ್ಟೇ: ಸಕ್ಕರೆ 100ರ ಮೇಲಿದ್ದಾಗ ನೂರರಲ್ಲಿ 95 ಸಲವಾದರೂ ಲ್ಯಾಬಿನ ಲೆಕ್ಕಕ್ಕಿಂತ ಶೇ 15ಕ್ಕಿಂತ ಹೆಚ್ಚು ಆಚೀಚೆ ಹೋಗಬಾರದು. 150ರ ಆಸುಪಾಸಿನಲ್ಲಿ ಅದು 22 ಅಂಕಿಯಷ್ಟಾಯಿತು. ಅಮ್ಮನ 12 ಅದರೊಳಗೇ ಮುಳುಗಿಹೋಗುತ್ತದೆ. ಒಂದೇ ಬೆರಳಿನ ರಕ್ತವನ್ನು ಎರಡು ಸ್ಟ್ರಿಪ್‌ಗೆ ತಾಗಿಸಿದರೂ ಎರಡು ಉತ್ತರ ಬರುವುದುಂಟು. ಮೆಂತ್ಯದಲ್ಲಿ ಗುಣವಿಲ್ಲ ಎಂದಲ್ಲ, ಅದಕ್ಕೆ ಸಾಕ್ಷಿಯಾಗಲು ಎರಡು ದಿನದ ಅಂಕಿ ಸಾಲದು. (ಇದನ್ನು ಅಮ್ಮನಿಗೆ ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.)

ಕೊಲೆಸ್ಟ್ರಾಲ್ ಇಳಿಸುವ ಮಾತ್ರೆಯಿಂದ "ಹೃದಯಾಘಾತದ ಅಪಾಯ ಶೇ 31ರಷ್ಟು ಕಡಿಮೆ" ಎಂಬ ಮಾತಿನ ಕಥೆ ಇನ್ನೂ ಸ್ವಾರಸ್ಯದ್ದು. ನೂರು ಜನ ಮಾತ್ರೆ ನುಂಗಿದರೆ 31 ಮಂದಿ ಪಾರಾಗುತ್ತಾರೆ ಎಂದೇ ಬಹಳ ಜನ ತಿಳಿಯುತ್ತಾರೆ. ಈ ಅಂಕಿ ಬಂದದ್ದು 1995ರಲ್ಲಿ ಪ್ರಕಟವಾದ ಸ್ಕಾಟ್ಲೆಂಡಿನ ಅಧ್ಯಯನವೊಂದರಿಂದ. ಕೊಲೆಸ್ಟ್ರಾಲ್ ಹೆಚ್ಚಿದ್ದ, ಆದರೆ ಹಿಂದೆ ಹೃದಯಾಘಾತವಾಗಿರದ 6,595 ಗಂಡಸರಲ್ಲಿ ಅರ್ಧದಷ್ಟು ಮಂದಿಗೆ ಪ್ರವಸ್ಟಾಟಿನ್ ಎಂಬ ಆ ಮಾತ್ರೆ ಕೊಟ್ಟರು, ಉಳಿದವರಿಗೆ ಹುಸಿಮಾತ್ರೆ. 5 ವರ್ಷದಲ್ಲಿ ಹೃದಯಾಘಾತವೋ ಹೃದ್ರೋಗದ ಸಾವೋ ಆದದ್ದು ಹುಸಿಮಾತ್ರೆಯವರಲ್ಲಿ ನೂರಕ್ಕೆ 7.9, ಔಷಧದವರಲ್ಲಿ 5.5. ವ್ಯತ್ಯಾಸವನ್ನು ಆ 7.9ಕ್ಕೆ ಹೋಲಿಸಿದರೆ ಶೇ 31ರ ಹತ್ತಿರ ಬರುತ್ತದೆ. ಇಡೀ ನೂರು ಜನಕ್ಕೆ ಹೋಲಿಸಿದರೆ ಬರೀ 2.4. ಸುಮಾರು 42 ಮಂದಿ 5 ವರ್ಷ ದಿನಾ ಮಾತ್ರೆ ತೆಗೆದುಕೊಂಡರೆ ಒಬ್ಬರಿಗೆ ಆಗಬೇಕಿದ್ದುದು ತಪ್ಪುತ್ತದೆ.

ಎರಡೂ ಲೆಕ್ಕ ನಿಜವೇ. ಯಾವುದು ಜಾಹೀರಾತಿನ ದಪ್ಪಕ್ಷರಕ್ಕೆ ಹೋಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಹಾಗಂತ 2.4 ನೋಡಿ ಮಾತ್ರೆ ಬಿಡುವುದೂ ಪೆದ್ದುತನ. ಈಗಾಗಲೇ ಒಮ್ಮೆ ಹೃದಯಾಘಾತವಾದವರಲ್ಲಿ ಮೂಲ ಅಪಾಯವೇ ದೊಡ್ಡದು. ಅಲ್ಲಿ ಅದೇ ಮೂರನೇ ಒಂದು ಪಾಲು ಇಳಿದರೂ ಉಳಿಯುವ ಜೀವಗಳು ಹೆಚ್ಚು.

ಇನ್ನು ಸಣ್ಣ ಅಂಕಿ ಇಳಿದರೆ ಸಣ್ಣ ಬದಲಾವಣೆ ಎಂಬ ಭ್ರಮೆ. ರಕ್ತದ ಆಮ್ಲೀಯತೆಯ ಅಳತೆಯಾದ ಪಿಎಚ್ 7.4ರಿಂದ 7.1ಕ್ಕೆ ಇಳಿಯಿತು ಎಂದರೆ ಕಿವಿಗೆ ಏನೂ ಅನ್ನಿಸುವುದಿಲ್ಲ. 1909ರಲ್ಲಿ ಡೆನ್ಮಾರ್ಕಿನ ರಸಾಯನಶಾಸ್ತ್ರಜ್ಞ ಸೋರೆನ್‌ಸೆನ್, ಬಿಯರ್ ತಯಾರಕ ಕಾರ್ಲ್ಸ್‌ಬರ್ಗ್‌ನ ಪ್ರಯೋಗಾಲಯದಲ್ಲಿ ರೂಪಿಸಿದ ಈ ಅಳತೆಪಟ್ಟಿ ಲಾಗರಿದಮ್ಮಿನದು, ಮೇಲಾಗಿ ತಲೆಕೆಳಗು. ಪಿಎಚ್ ಒಂದು ಮೆಟ್ಟಿಲು ಇಳಿದರೆ ಹೈಡ್ರೋಜನ್ ಅಯಾನು ಹತ್ತು ಪಟ್ಟು ಏರುತ್ತದೆ, 0.3 ಇಳಿದರೆ ಎರಡು ಪಟ್ಟು. ಲೀಟರಿಗೆ 40 ನ್ಯಾನೋಮೋಲ್ ಇದ್ದದ್ದು 80 ಆಗಿರುತ್ತದೆ. ಐಸಿಯುನಲ್ಲಿ ರಿಪೋರ್ಟ್ ಹಿಡಿದ ವೈದ್ಯರು ಆ 7.1 ಕಂಡೊಡನೆ ಹಾಸಿಗೆಯತ್ತ ಓಡುವುದು ಅದಕ್ಕೇ.