ರೋಗಾಣುವೂ ಶರೀರದ ಕಬ್ಬಿಣವೂ

1898ನೆಯ ಇಸವಿಯಲ್ಲಿ ಪ್ಲೇಗು ಬೆಂಗಳೂರಿಗೆ ಕಾಲಿಟ್ಟಾಗ ಜನರು ಮನೆಮಠಗಳನ್ನು ಬಿಟ್ಟು ಬಯಲಿನ ಗುಡಿಸಲುಗಳನ್ನು ಸೇರಿದ ಸಂಗತಿಯನ್ನು ನಮ್ಮಲ್ಲಿ ಅನೇಕರು ಕೇಳಿರುವೆವು. ಆ ರೋಗಾಣುವನ್ನು ಯೆರ್ಸಿನ್ ಎಂಬ ವೈದ್ಯನು ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದದ್ದು ಅದಕ್ಕೆ ನಾಲ್ಕೇ ವರ್ಷ ಮೊದಲು, 1894ರಲ್ಲಿ. ಕಣ್ಣಿಗೆ ಕಾಣದ ಈ ಜೀವಿಯು ಗಟ್ಟಿಮುಟ್ಟಾದ ಆಳನ್ನು ಉರುಳಿಸಬೇಕಾದರೆ ಅದಕ್ಕೆ ಬೇಕಾದುವು ಹಲವು. ಅವುಗಳಲ್ಲಿ ಕಬ್ಬಿಣವೊಂದನ್ನೇ ನಾವು ಈಗ ವಿಚಾರಿಸೋಣ.

ಪ್ರಾಯದ ಮನುಷ್ಯನ ಮೈಯಲ್ಲಿರುವ ಕಬ್ಬಿಣವೆಲ್ಲ ಸೇರಿ ಮೂರು ನಾಲ್ಕು ಗ್ರಾಮುಗಳಷ್ಟೆ. ಒಂದು ಮೊಳೆಗೆ ಸಾಕಾದೀತು. ಅದರಲ್ಲಿ ಬಹುಭಾಗವು ರಕ್ತದ ಕೆಂಪು ಕಣಗಳಲ್ಲಿದೆ. ಉಳಿದುದರಲ್ಲಿ ಹೆಚ್ಚಿನದು ಯಕೃತ್ತು ಮೊದಲಾದ ಉಗ್ರಾಣಗಳಲ್ಲಿ. ರಕ್ತರಸದಲ್ಲಿ ಸಂಚರಿಸುವ ಅಲ್ಪಾಂಶವನ್ನಾದರೂ ಟ್ರಾನ್ಸ್‌ಫೆರಿನ್ ಎಂಬ ಸಸಾರಜನಕವು ಬಿಗಿಯಾಗಿ ಹಿಡಿದುಕೊಂಡಿರುವುದು. ಇದನ್ನು ಇಬ್ಬರು ಕೂರತಕ್ಕ ಜಟಕಾ ಬಂಡಿಯೆಂದು ಭಾವಿಸಬಹುದು. ಆರೋಗ್ಯವಂತನಲ್ಲಿ ಈ ಬಂಡಿಗಳ ಸ್ಥಳಗಳಲ್ಲಿ ಮೂರರಲ್ಲಿ ಎರಡು ಪಾಲು ಬರಿದಾಗಿಯೇ ಇರುತ್ತವೆ. ಆದುದರಿಂದ ಬೀದಿಯಲ್ಲಿ ಒಂಟಿಯಾಗಿ ಅಲೆಯುವ ಕಬ್ಬಿಣವು ರೋಗಾಣುವಿಗೆ ದೊರೆಯುವುದೇ ಇಲ್ಲವೆನ್ನಬೇಕು. ಸೋಂಕು ತಗಲಿದೊಡನೆ ಯಕೃತ್ತು ಹೆಪ್ಸಿಡಿನ್ ಎಂಬ ದ್ರವ್ಯವನ್ನು ಹೆಚ್ಚಾಗಿ ಕಳುಹಿಸಿ ಉಗ್ರಾಣಗಳ ಬಾಗಿಲನ್ನೂ ಮುಚ್ಚಿಸುತ್ತದೆ. ಜ್ವರದಲ್ಲಿರುವವರ ರಕ್ತರಸದಲ್ಲಿ ಕಬ್ಬಿಣವು ತಗ್ಗಿತೆಂದು ಗಾಬರಿಪಡುವವರುಂಟು. ಅನೇಕ ವೇಳೆ ಅದು ಕಳೆದುಹೋದದ್ದಲ್ಲ, ಬಚ್ಚಿಟ್ಟದ್ದು.

ರೋಗಾಣುವಾದರೋ ಸುಮ್ಮನಿರತಕ್ಕದ್ದಲ್ಲ. ಪ್ಲೇಗಿನ ಕ್ರಿಮಿಯು ಯೆರ್ಸಿನಿಯಾಬ್ಯಾಕ್ಟಿನ್ ಎಂಬ ಸಣ್ಣ ರಾಸಾಯನಿಕವೊಂದನ್ನು ಹೊರಕ್ಕೆ ಬಿಡುತ್ತದೆ. ಅದು ಟ್ರಾನ್ಸ್‌ಫೆರಿನ್ನಿನ ಹಿಡಿತದಿಂದಲೇ ಕಬ್ಬಿಣವನ್ನು ಕಸಿದು ತಂದೊಪ್ಪಿಸುವುದು. ಆದರೆ ಕಬ್ಬಿಣವು ಮಿತಿಮೀರಿದರೆ ಕ್ರಿಮಿಗೂ ವಿಷವೇ. ಆಮ್ಲಜನಕದ ಸಹವಾಸದಲ್ಲಿ ಅದು ಜೀವಕಣವನ್ನು ಹಾಳುಗೆಡಹುವ ಉಗ್ರದ್ರವ್ಯಗಳನ್ನು ಹುಟ್ಟಿಸುತ್ತದೆ. ಆದಕಾರಣ ಕ್ರಿಮಿಯೊಳಗೆ ‘ಫರ್’ ಎಂಬ ಇನ್ನೊಂದು ಸಸಾರಜನಕವು ಕಾವಲಿಗಿದೆ. ಕಬ್ಬಿಣವು ಸಾಕಷ್ಟಿದ್ದಾಗ ಫರ್ ಅದನ್ನು ಕೂಡಿಕೊಂಡು ಡಿ.ಎನ್.ಎ. ಎಳೆಯ ಮೇಲೆ ಕುಳಿತು, ಕಸಿಯುವ ಸಾಧನಗಳ ತಯಾರಿಕೆಯನ್ನು ತಡೆಯುತ್ತದೆ. ಕಬ್ಬಿಣವು ಸಾಲದೆಹೋದಾಗ ಎಳೆಯನ್ನು ಬಿಟ್ಟು ಏಳುತ್ತದೆ, ತಯಾರಿಕೆಯು ಮೊದಲಾಗುತ್ತದೆ. ನಾವು ಸಂಪತ್ತನ್ನು ಬಚ್ಚಿಟ್ಟೆವೆಂಬುದೇ ಕಳ್ಳನಿಗೆ ತಾನು ಮನೆಯೊಳಕ್ಕೆ ಬಂದೆನೆಂಬುದರ ಗುರುತಾಗುವುದು ವಿಚಿತ್ರವಲ್ಲವೆ?

ಜಾಕ್ಸನ್ ಮತ್ತು ಬರೋಸ್ ಎಂಬ ಇಬ್ಬರು ವಿದ್ವಾಂಸರು 1956ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಪ್ಲೇಗು ಕ್ರಿಮಿಯ ಕೆಲವು ದುರ್ಬಲ ತಳಿಗಳು ಇಲಿಗಳನ್ನು ಕೊಲ್ಲಲಾರವಾಗಿದ್ದುವು. ಅದೇ ಇಲಿಗಳಿಗೆ ಕಬ್ಬಿಣವನ್ನು ಸೂಜಿಯಿಂದ ಕೊಟ್ಟಾಗ ಆ ತಳಿಗಳು ಮಾರಕವಾದುವು. ಕ್ರಿಮಿಗೆ ಕೊರತೆಯಾಗಿದ್ದುದು ವಿಷವಲ್ಲ, ಕಬ್ಬಿಣ.

ಇಲಿಗಳಲ್ಲಿ ಕಂಡುದನ್ನು ಮನುಷ್ಯನಲ್ಲಿ ಪರೀಕ್ಷಿಸುವವರಾರು? 2009ರ ಸೆಪ್ಟೆಂಬರಿನಲ್ಲಿ ಅಮೆರಿಕದ ಷಿಕಾಗೊ ನಗರದಲ್ಲಿ ಅರುವತ್ತು ವರ್ಷದ ವಿಜ್ಞಾನಿಯೊಬ್ಬರು ಪ್ಲೇಗಿನಿಂದ ತೀರಿಕೊಂಡರು. ಅವರು ಪ್ರಯೋಗಶಾಲೆಯಲ್ಲಿ ಬಳಸುತ್ತಿದ್ದುದು ಯೆರ್ಸಿನಿಯಾಬ್ಯಾಕ್ಟಿನ್ನನ್ನು ತಯಾರಿಸಲಾರದ, ಆರೋಗ್ಯವಂತರಿಗೆ ಅಪಾಯವಿಲ್ಲವೆಂದೇ ಎಣಿಸಿದ್ದ ತಳಿ. ಮರಣಾನಂತರದ ಪರೀಕ್ಷೆಯಲ್ಲಿ ಮತ್ತೊಂದು ಸಂಗತಿ ಹೊರಬಿದ್ದಿತು. ಶರೀರದಲ್ಲಿ ಕಬ್ಬಿಣವು ಅತಿಯಾಗಿ ಕೂಡಿಕೊಳ್ಳುವ ಆನುವಂಶಿಕ ವ್ಯಾಧಿಯೊಂದು ಅವರಿಗಿತ್ತು. ಬದುಕಿರುವಾಗ ಅದನ್ನು ಯಾರೂ ಗುರುತಿಸಿರಲಿಲ್ಲ. ಕಸಿಯಲಾರದ ಕಳ್ಳನಿಗೆ ಉಗ್ರಾಣವು ತೆರೆದೇ ಸಿಕ್ಕಿದ್ದಿರಬಹುದೆಂದು 2011ರಲ್ಲಿ ಪ್ರಕಟವಾದ ಸರ್ಕಾರಿ ವರದಿಯು ಊಹಿಸಿತು.