ಬೆಳಗಿನ ಮೊದಲ ಹೆಜ್ಜೆ

ಓಡಿಹೋಗುವುದಕ್ಕೆ ನಮ್ಮಲ್ಲಿ ‘ಕಾಲಿಗೆ ಬುದ್ಧಿ ಹೇಳುವುದು’ ಎಂಬ ಮಾತಿದೆ. ಕಾಲೇ ಮನುಷ್ಯನಿಗೆ ಬುದ್ಧಿ ಹೇಳುವ ಸಂದರ್ಭವೂ ಉಂಟೆಂಬುದು ನನಗೆ ತಿಳಿದದ್ದು ನಿವೃತ್ತಿಗೆ ಎರಡು ವರ್ಷ ಉಳಿದಿರುವಾಗ. ಒಂದು ಬೆಳಿಗ್ಗೆ ಹಾಸಿಗೆಯಿಂದೆದ್ದು ಬಲಗಾಲನ್ನು ನೆಲಕ್ಕೆ ಊರಿದೆ. ಹಿಮ್ಮಡಿಗೆ ಯಾರೋ ಜಾಲಿಮುಳ್ಳನ್ನು ನೆಟ್ಟಂತಾಯಿತು. ಬಗ್ಗಿ ನೋಡಿದರೆ ಮುಳ್ಳಿಲ್ಲ, ಗಾಯವಿಲ್ಲ, ಬಾವೂ ಇಲ್ಲ. ಗೋಡೆ ಹಿಡಿದು ಹತ್ತು ಹೆಜ್ಜೆ ನಡೆದೆ. ಬಚ್ಚಲಮನೆ ಮುಟ್ಟುವಷ್ಟರಲ್ಲಿ ನೋವು ಮುಕ್ಕಾಲು ಪಾಲು ಇಳಿದಿತ್ತು. ಕಾಫಿ ಕುಡಿಯುವಾಗ ಅದನ್ನು ಮರೆತೂಬಿಟ್ಟಿದ್ದೆ. ಮರುದಿನ ಬೆಳಿಗ್ಗೆ ಅದು ನನ್ನನ್ನು ಮರೆತಿರಲಿಲ್ಲ. ಹೀಗೆ ಆರಂಭವಾದ ನಂಟು ನಾಲ್ಕು ವರ್ಷಗಳಿಗೂ ಮಿಕ್ಕಿ ನಡೆಯಿತು. ಪೂರ್ತಿ ಕಡಿದುಹೋಗಿದೆಯೆಂದು ಈಗಲೂ ಹೇಳಲಾರೆ.

ವೈದ್ಯರು ಇದನ್ನು ‘ಪ್ಲಾಂಟಾರ್ ಫೇಶಿಯೈಟಿಸ್’ ಎನ್ನುತ್ತಾರೆ. ನಮ್ಮ ಪ್ರಾಚೀನರೂ ಇಂಥ ನೋವನ್ನು ಬಲ್ಲವರೇ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ, ಏರುತಗ್ಗಾದ ಕಡೆ ಹೆಜ್ಜೆಯಿಟ್ಟಾಗ ವಾತವು ಕೆರಳಿ ಪಾದದ ಸಂಧಿಯಲ್ಲಿ ನೆಲೆಸಿ ಉಂಟುಮಾಡುವ ನೋವಿಗೆ ‘ವಾತಕಂಟಕ’ ಎಂದು ಹೆಸರಿದೆ. ಇಂದಿನ ಆಯುರ್ವೇದ ವೈದ್ಯರು ಹಿಮ್ಮಡಿ ನೋವನ್ನು ಈ ಹೆಸರಿನಡಿಯಲ್ಲಿಯೇ ಸೇರಿಸುತ್ತಾರೆ. ಕಂಟಕವೆಂದರೆ ಮುಳ್ಳು. ಆ ಬೆಳಿಗ್ಗೆ ನನಗೆ ಹೊಳೆದ ಉಪಮೆ ಸ್ವಂತದ್ದೆಂದು ನಾನು ಹೆಮ್ಮೆಪಡುವಂತಿಲ್ಲ.

ಅಂಗಾಲಿನ ಚರ್ಮದ ಕೆಳಗೆ, ಹಿಮ್ಮಡಿಯ ಮೂಳೆಯಿಂದ ಹೊರಟು ಐದು ಸೀಳುಗಳಾಗಿ ಬೆರಳುಗಳ ಬುಡದವರೆಗೆ ಹರಡುವ ನಾರಿನ ಗಟ್ಟಿ ಪಟ್ಟಿಯೊಂದಿದೆ. ಪಾದದ ಮೂಳೆಗಳು ಕಮಾನಿನಂತೆ ಜೋಡಣೆಗೊಂಡಿವೆಯಷ್ಟೆ. ಆ ಕಮಾನಿನ ಎರಡು ತುದಿಗಳು ದೇಹದ ಭಾರಕ್ಕೆ ಅಗಲಕ್ಕೆ ಜಾರದಂತೆ ಈ ಪಟ್ಟಿ ಬಿಗಿದು ಹಿಡಿದಿರುತ್ತದೆ, ಬಿಲ್ಲಿನ ಎರಡು ಕೊಪ್ಪುಗಳನ್ನು ಹೆದೆ ಹಿಡಿದಿರುವಂತೆ. ಇದರ ಇನ್ನೊಂದು ಚಮತ್ಕಾರವನ್ನು 1954ರಲ್ಲಿ ಹಿಕ್ಸ್ ಎಂಬ ಆಂಗ್ಲ ವೈದ್ಯ ವಿವರಿಸಿದ. ಓದುಗರು ಬೇಕಾದರೆ ಕುಳಿತಲ್ಲಿಯೇ ಪರೀಕ್ಷಿಸಬಹುದು. ಒಂದು ಪಾದವನ್ನು ಇನ್ನೊಂದು ಮಂಡಿಯ ಮೇಲಿಟ್ಟುಕೊಂಡು ಹೆಬ್ಬೆರಳನ್ನು ಕೈಯಿಂದ ಹಿಂದಕ್ಕೆ ಬಾಗಿಸಿ. ಅಂಗಾಲಿನಲ್ಲಿ ತಂತಿಯಂಥದೊಂದು ಸೆಟೆದು ನಿಲ್ಲುತ್ತದೆ, ಕಮಾನು ಎತ್ತರವಾಗುತ್ತದೆ. ಉರುಳೆಗೆ ಹಗ್ಗ ಸುತ್ತಿಕೊಂಡಂತೆ ನಾರಿನ ಪಟ್ಟಿ ಬೆರಳ ಬುಡದ ಮೂಳೆಗೆ ಸುತ್ತಿಕೊಂಡು ಹಿಮ್ಮಡಿಯನ್ನು ಎಳೆಯುತ್ತದೆ. ನಡೆಯುವಾಗ ಹಿಮ್ಮಡಿ ನೆಲ ಬಿಟ್ಟು ಬೆರಳು ಬಾಗುವ ಪ್ರತಿಯೊಂದು ಸಲವೂ ಇದು ನಡೆಯುತ್ತದೆ. ಮೆತ್ತಗಿದ್ದ ಪಾದ ಒಂದು ಕ್ಷಣ ಸನ್ನೆಗೋಲಿನಂತೆ ಬಿಗಿಯಾಗಿ ನಮ್ಮನ್ನು ಮುಂದಕ್ಕೆ ನೂಕುತ್ತದೆ. ದಿನಕ್ಕೆ ಸಾವಿರಾರು ಸಲ ನಡೆಯುವ ಈ ಎಳೆದಾಟದಲ್ಲಿ, ಪಟ್ಟಿಯು ಮೂಳೆಗೆ ಅಂಟಿಕೊಂಡಿರುವ ಜಾಗ ಸವೆಯುತ್ತದೆ. ಹಿಮ್ಮಡಿಯ ತಳದಲ್ಲಿ, ಒಳಮಗ್ಗುಲಿಗೆ, ಹೆಬ್ಬೆಟ್ಟಿನಿಂದ ಅದುಮಿದರೆ ‘ಅಯ್ಯೋ’ ಎನಿಸುವ ಸ್ಥಳ ಅದೇ.

ಹಾಗಾದರೆ ರಾತ್ರಿಯೆಲ್ಲ ವಿಶ್ರಾಂತಿ ಪಡೆದ ಕಾಲು ಬೆಳಿಗ್ಗೆಯೇ ಏಕೆ ಹೆಚ್ಚು ನೋಯಬೇಕು? ನಿದ್ರೆಯಲ್ಲಿ ಪಾದ ಕೆಳಮುಖವಾಗಿ ಚಾಚಿಕೊಂಡಿರುತ್ತದೆ. ಮೀನಖಂಡವೂ ಅಂಗಾಲಿನ ಪಟ್ಟಿಯೂ ಕುಗ್ಗಿದ ಸ್ಥಿತಿಯಲ್ಲಿಯೇ ಗಂಟೆಗಟ್ಟಲೆ ಇದ್ದು ಬಿಗಿತುಕೊಳ್ಳುತ್ತವೆ. ಎದ್ದೊಡನೆ ಇಡೀ ದೇಹದ ಭಾರ ಬಿದ್ದಾಗ ಆ ಕುಗ್ಗಿದ ನಾರು ಒಮ್ಮೆಲೇ ಹಿಗ್ಗಬೇಕಾಗುತ್ತದೆ. ಬಹಳ ಹೊತ್ತು ಕುಳಿತು ಎದ್ದಾಗಲೂ ಇದೇ ಕಥೆ. ಸಾಹಿತ್ಯ ಸಭೆಗಳಲ್ಲಿ ಅಧ್ಯಕ್ಷ ಭಾಷಣ ಮುಗಿದ ಮೇಲೆ ನಾನು ಕುಂಟುತ್ತ ಹೊರಬರುವುದನ್ನು ಕಂಡವರು ಅದನ್ನು ಭಾಷಣದ ಪರಿಣಾಮವೆಂದು ಎಣಿಸಿದ್ದರೆ ಅವರದೂ ಪೂರ್ಣ ತಪ್ಪಲ್ಲ.

ನನಗೇ ಏಕೆ ಬಂತು ಎಂಬ ಪ್ರಶ್ನೆಗೆ ಉತ್ತರ ಕಷ್ಟವಲ್ಲ. ನಲವತ್ತರಿಂದ ಅರವತ್ತರ ನಡುವಿನ ವಯಸ್ಸು, ಏರಿದ ದೇಹತೂಕ, ಬಿಗಿಯಾದ ಮೀನಖಂಡ, ಗಟ್ಟಿ ನೆಲದ ಮೇಲೆ ದೀರ್ಘಕಾಲ ನಿಲ್ಲುವ ಕಸುಬು, ಇವೆಲ್ಲ ಇದನ್ನು ಕರೆತರುತ್ತವೆ. ಮೂವತ್ತಕ್ಕೂ ಹೆಚ್ಚು ವರ್ಷ ಸಿಮೆಂಟಿನ ವೇದಿಕೆಯ ಮೇಲೆ ತೆಳುಅಟ್ಟೆಯ ಚಪ್ಪಲಿಯಲ್ಲಿ ನಿಂತು ಹಳಗನ್ನಡ ಪಾಠ ಹೇಳಿದವನು ನಾನು. ಪಂಪನ ಬಾಹುಬಲಿ ವರ್ಷಕಾಲ ಅಲುಗದೆ ನಿಂತದ್ದನ್ನು ವಿದ್ಯಾರ್ಥಿಗಳಿಗೆ ವಿವರಿಸುವಾಗ ನನ್ನ ಹಿಮ್ಮಡಿ ಏನು ಭಾವಿಸುತ್ತಿತ್ತೋ ಕೇಳಿದವರಾರು?

ಮೊದಲು ಹೋದದ್ದು ನಮ್ಮೂರಿನ ಒಂದು ನರ್ಸಿಂಗ್ ಹೋಮಿಗೆ. ಎಕ್ಸ್-ರೇ ತೆಗೆದು, ಹಿಮ್ಮಡಿ ಮೂಳೆಯ ತಳದಲ್ಲಿ ಕೊಕ್ಕಿನಂತೆ ಚಾಚಿಕೊಂಡಿದ್ದ ಒಂದು ತುಣುಕನ್ನು ತೋರಿಸಿ, ‘ಮೂಳೆ ಬೆಳೆದಿದೆ’ ಎಂದರು. ಆ ಚಿತ್ರವನ್ನು ಕಂಡ ಮೇಲೆ ಮನಸ್ಸಿಗೆ ನೆಮ್ಮದಿಯಿರಲಿಲ್ಲ. ಪ್ರತಿ ಹೆಜ್ಜೆಯಲ್ಲಿಯೂ ಆ ಕೊಕ್ಕು ಮಾಂಸವನ್ನು ಕುಕ್ಕುತ್ತಿದೆಯೆಂಬ ಭ್ರಮೆ. ಈ ಮೂಳೆಮುಳ್ಳು ನೋವೇ ಇಲ್ಲದ ಎಷ್ಟೋ ಜನರ ಪಾದಗಳಲ್ಲಿಯೂ ಇರುತ್ತದೆ, ನೋವಿರುವ ಎಷ್ಟೋ ಪಾದಗಳಲ್ಲಿ ಇರುವುದಿಲ್ಲ, ನೋವು ಹೋದ ಮೇಲೂ ಅದು ಅಲ್ಲಿಯೇ ಉಳಿಯುತ್ತದೆ ಎಂಬುದು ಬಹುಕಾಲದ ನಂತರ ತಿಳಿಯಿತು. ಅಂದು ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರು. ಎರಡು ವಾರದಲ್ಲಿ ನೋವು ಮಾಯ! ಆ ಭಾನುವಾರ ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಹತ್ತಿ ದೇವಿಗೆ ಕೈಮುಗಿದು ಬಂದೆ. ಮೂರನೆಯ ತಿಂಗಳಿಗೆ ಮುಳ್ಳು ಮರಳಿತು. ಎರಡನೆಯ ಚುಚ್ಚುಮದ್ದಿನ ಫಲ ಅಷ್ಟು ದಿನವೂ ಉಳಿಯಲಿಲ್ಲ. ಮೂರನೆಯದನ್ನು ಕೇಳಿಕೊಂಡು ಬೇರೊಬ್ಬ ವೈದ್ಯರಲ್ಲಿಗೆ ಹೋದಾಗ ಅವರು ಒಪ್ಪಲಿಲ್ಲ. ಮತ್ತೆ ಮತ್ತೆ ಕೊಟ್ಟರೆ ನಾರಿನ ಪಟ್ಟಿ ಹರಿಯುವ ಅಪಾಯವುಂಟು, ಹಿಮ್ಮಡಿಯ ಕೆಳಗೆ ಪ್ರಕೃತಿ ಹಾಸಿರುವ ಕೊಬ್ಬಿನ ಮೆತ್ತೆ ಸೊರಗುತ್ತದೆ, ಒಮ್ಮೆ ಸೊರಗಿದ ಮೆತ್ತೆಯನ್ನು ತುಂಬಿಕೊಡುವುದು ಸುಲಭವಲ್ಲ ಎಂದರು. ಆ ಸ್ಪಷ್ಟವಾದ ‘ಇಲ್ಲ’ಕ್ಕೆ ನಾನು ಋಣಿ.

ಅವರೇ ಹೇಳಿದ ಇನ್ನೊಂದು ಸಂಗತಿ ಭಾಷೆಯ ವಿದ್ಯಾರ್ಥಿಯಾದ ನನ್ನನ್ನು ಹೆಚ್ಚು ಸೆಳೆಯಿತು. ಕಾಯಿಲೆಯ ಹೆಸರಿನ ಕೊನೆಯಲ್ಲಿರುವ ‘ಐಟಿಸ್’ ಪ್ರತ್ಯಯಕ್ಕೆ ಉರಿಯೂತ ಎಂದರ್ಥ. ಆದರೆ 2003ರಲ್ಲಿ ಲೆಮಾಂಟ್ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ 50 ಮಾದರಿಗಳನ್ನು ಪರಿಶೀಲಿಸಿದಾಗ ಅಲ್ಲಿ ಉರಿಯೂತದ ಕುರುಹುಗಳಿಗಿಂತ ನಾರು ಜೀರ್ಣವಾಗಿರುವ ಗುರುತುಗಳೇ ಕಂಡವು. ಎಂದರೆ, ಹಳೆಯ ಹಿಮ್ಮಡಿ ನೋವು ಉರಿಯುವ ಬೆಂಕಿಯಲ್ಲ, ಸವೆದ ಹಗ್ಗ. ಬೆಂಕಿಯಾದರೆ ಆರಿಸಬಹುದು. ಸವೆದ ಹಗ್ಗವನ್ನು ಮತ್ತೆ ಹೊಸೆಯಬೇಕು, ಅದಕ್ಕೆ ಕಾಲ ಹಿಡಿಯುತ್ತದೆ. ಹೆಸರು ತಪ್ಪೆಂದು ಗೊತ್ತಾದ ಮೇಲೂ ಬಳಕೆಯಲ್ಲಿ ಅದೇ ಉಳಿದಿದೆ. ರೂಢಿಯ ಮುಂದೆ ವ್ಯಾಕರಣ ಸೋಲುವುದು ವೈದ್ಯರ ಲೋಕದಲ್ಲಿಯೂ ಇದೆಯೆಂದು ತಿಳಿದು ಸ್ವಲ್ಪ ಸಮಾಧಾನವಾಯಿತು.

ಈ ನಡುವೆ ಮನೆಮದ್ದುಗಳ ಪ್ರವಾಹವೇ ಹರಿದುಬಂದಿತ್ತು. ಇಟ್ಟಿಗೆಯನ್ನು ಒಲೆಯಲ್ಲಿ ಕಾಯಿಸಿ, ಅದರ ಮೇಲೆ ಎಕ್ಕದ ಎಲೆಯಿಟ್ಟು, ಹಿಮ್ಮಡಿಯನ್ನು ಒತ್ತುವ ಕ್ರಮ ನಮ್ಮ ಹಳ್ಳಿಗಳಲ್ಲಿ ಮನೆಮನೆಗೂ ಗೊತ್ತು. ನಾನೂ ಮಾಡಿದೆ. ಆ ಹೊತ್ತಿಗೆ ಹಿತವೆನಿಸಿತು, ಸುಳ್ಳೇಕೆ ಹೇಳಲಿ? ಆದರೆ ಸಕ್ಕರೆ ಕಾಯಿಲೆ ಇರುವವರು ದಯವಿಟ್ಟು ಇದರ ಸಹವಾಸ ಮಾಡಬಾರದು. ಅವರ ಅಂಗಾಲಿನ ಸ್ಪರ್ಶಜ್ಞಾನ ತಮಗರಿವಿಲ್ಲದೆಯೇ ಕುಂದಿರಬಹುದು. ಸುಟ್ಟದ್ದು ತಿಳಿಯುವುದು ಹುಣ್ಣಾದ ಮೇಲೆ. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಶಸ್ತ್ರವೈದ್ಯರಾಗಿದ್ದ ಪಾಲ್ ಬ್ರ್ಯಾಂಡ್ ಜಗತ್ತಿಗೆ ಮನಗಾಣಿಸಿದ್ದು ಇದನ್ನೇ: ಆ ರೋಗಿಗಳ ಕೈಕಾಲು ಹಾಳಾಗುವುದಕ್ಕೆ ಮುಖ್ಯ ಕಾರಣ ಅವರಿಗೆ ನೋವು ತಿಳಿಯದಿರುವುದು. ಇಂದು ಹಿಮ್ಮಡಿ ನೋವಿನವರು ಕೇಳಿ ಕೊಳ್ಳುವ ಎಂ.ಸಿ.ಆರ್. ಚಪ್ಪಲಿಯ ಮೆತ್ತನೆಯ ರಬ್ಬರು ನಮ್ಮ ದೇಶದಲ್ಲಿ ಹೆಸರಾದದ್ದೂ ಅಂಥ ನೋವರಿಯದ ಪಾದಗಳ ರಕ್ಷಣೆಗಾಗಿಯೇ.

ಚಪ್ಪಲಿಯ ಮಾತು ಬಂದಿತಲ್ಲ, ನಿಜವಾದ ಸಂಕಟ ಅಲ್ಲಿತ್ತು. ‘ಮನೆಯೊಳಗೂ ಬರಿಗಾಲಿನಲ್ಲಿ ನಡೆಯಬೇಡಿ; ಮಂಚದಿಂದ ಇಳಿಯುವಾಗಲೇ ಮೆಟ್ಟಿ ಇಳಿಯಿರಿ’ ಎಂದಿದ್ದರು ವೈದ್ಯರು. ನಮ್ಮದು ಕಲ್ಲಿನಂಥ ಮೊಸಾಯಿಕ್ ನೆಲದ ಮನೆ. ನಮ್ಮಂಥ ಮನೆಗಳಲ್ಲಿ ಚಪ್ಪಲಿಗೆ ಹೊಸಿಲಿನಾಚೆಗೆ ಜಾಗ. ನಡುಮನೆಗೆ ತೆರೆದುಕೊಂಡಂತೆ ದೇವರ ಗೂಡು ಬೇರೆ. ಹೊಸದಾಗಿ ಕೊಂಡ ಜೋಡನ್ನು ಮೆಟ್ಟಿಕೊಂಡು ನಡುಮನೆಯಲ್ಲಿ ಓಡಾಡಿದ ಮೊದಲ ದಿನ ನನ್ನ ಹೆಂಡತಿ ಏನೂ ಅನ್ನಲಿಲ್ಲ; ನಾನು ಹಾದುಹೋದ ಜಾಗವನ್ನು ಒರೆಸಿದರು, ಅಷ್ಟೇ. ಎರಡನೆಯ ದಿನವೂ ಒರೆಸಿದರು. ಮೂರನೆಯ ದಿನ ನನಗೆ ರೇಗಿತು. ‘ನನ್ನ ನೋವು ನಿನಗೆ ಹೇಗೆ ಗೊತ್ತಾಗಬೇಕು?’ ಎಂದುಬಿಟ್ಟೆ.

ಅವರು ಒರೆಸುವ ಬಟ್ಟೆಯನ್ನು ಹಿಂಡುತ್ತ, ‘ಗೊತ್ತಿಲ್ಲದೆ ಏನು? ನನಗೂ ಎದ್ದ ಕೂಡಲೆ ಹಾಗೇ ಆಗುತ್ತೆ. ಹಾಲಿನವನು ಬರೋ ಹೊತ್ತಿಗೆ ಸಡಿಲವಾಗುತ್ತೆ’ ಎಂದರು. ‘ಎಷ್ಟು ದಿನದಿಂದ?’ ‘ದಿನ ಯಾರು ಎಣಿಸಿದಾರೆ? ಚಿಕ್ಕವನ ಎಸ್.ಎಸ್.ಎಲ್.ಸಿ. ಪರೀಕ್ಷೆ ಹೊತ್ತಿಗೆ ಇತ್ತು.’

ನಮ್ಮ ಚಿಕ್ಕ ಮಗ ಎಸ್.ಎಸ್.ಎಲ್.ಸಿ. ಮುಗಿಸಿ ಆಗ ಹನ್ನೊಂದು ವರ್ಷಗಳಾಗಿದ್ದವು.

ಆ ದಿನ ನಾನು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತು ನೋಡಿದೆ. ನನ್ನ ತಾಯಿ ಅಡುಗೆ ಮಾಡುತ್ತಿದ್ದುದು ನೆಲದ ಮೇಲೆ, ಒಲೆಯ ಮುಂದೆ ಮಣೆ ಹಾಕಿಕೊಂಡು. ಹೊಗೆ ಕಣ್ಣನ್ನು ಸುಡುತ್ತಿತ್ತು ನಿಜ, ಆದರೆ ಅಡುಗೆಯ ಹೊತ್ತಿನಲ್ಲಿ ಅವರ ಭಾರ ಕಾಲಿನ ಮೇಲಿರಲಿಲ್ಲ. ಗ್ಯಾಸ್ ಬಂತು, ಕಲ್ಲಿನ ಕಟ್ಟೆ ಬಂತು, ಹೆಂಗಸರು ಎದ್ದು ನಿಂತರು. ನನ್ನ ಹೆಂಡತಿ ಬೆಳಿಗ್ಗೆ ಎರಡೂವರೆ ಗಂಟೆ, ಸಂಜೆ ಮತ್ತೆ ಒಂದೂವರೆ ಗಂಟೆ ಬರಿಗಾಲಿನಲ್ಲಿ ನಿಂತಿದ್ದರು. ನನ್ನ ತರಗತಿಗಳು ದಿನಕ್ಕೆ ಮೂರು ಗಂಟೆ ದಾಟಿದ್ದಿಲ್ಲ. ಭಾನುವಾರದ ರಜೆಯೂ ಇತ್ತು. ಕಾಲುನೋವಿನ ಹೆಸರಿನಲ್ಲಿ ಎರಡು ವರ್ಷ ಮನೆಯಲ್ಲಿ ಬಿಸಿನೀರು, ಉಪ್ಪಿನ ಶಾಖ, ಇಟ್ಟಿಗೆ ಎಂದು ಕೇಳಿದ್ದು ನಾನು. ಕಾಯಿಸಿ ತಂದುಕೊಟ್ಟದ್ದು ಅವರು.

ಅವರಿಗೆ ಹನ್ನೊಂದು ವರ್ಷ, ನನಗೆ ಎರಡು. ಆದರೂ ಇಬ್ಬರಿಗೂ ವೈದ್ಯರು ಹೇಳಿಕೊಟ್ಟದ್ದು ಒಂದೇ ಪಾಠ. ಮಂಚದಿಂದ ಇಳಿಯುವ ಮುನ್ನ, ನೋಯುವ ಪಾದವನ್ನು ಇನ್ನೊಂದು ಮಂಡಿಯ ಮೇಲಿಟ್ಟು ಬೆರಳುಗಳನ್ನು ಮೊಣಕಾಲಿನತ್ತ ಎಳೆದು ಹತ್ತು ಎಣಿಸುವವರೆಗೆ ಹಿಡಿಯುವುದು, ಹೀಗೆ ಹತ್ತು ಸಲ. ದಿನಕ್ಕೆ ಮೂರಾವರ್ತಿ. ಇದರ ಉಪಯೋಗವನ್ನು ಡಿಜೊವಾನಿ ಮತ್ತು ಸಂಗಡಿಗರು 2003ರಲ್ಲಿ ತೋರಿಸಿಕೊಟ್ಟರು. ಇನ್ನೊಂದು, 2015ರ ಡೆನ್ಮಾರ್ಕಿನ ಅಧ್ಯಯನದಿಂದ ಬಂದದ್ದು: ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲಿನ ಮೇಲೆ ನಿಂತು, ಬೆರಳುಗಳ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು, ಹಿಮ್ಮಡಿಯನ್ನು ನಿಧಾನವಾಗಿ ಎತ್ತಿ ಇಳಿಸುವುದು, ದಿನ ಬಿಟ್ಟು ದಿನ. ಮೂರು ತಿಂಗಳ ಹೊತ್ತಿಗೆ ಇದು ಬರೀ ಎಳೆತದ ವ್ಯಾಯಾಮಕ್ಕಿಂತ ಮೇಲೆನಿಸಿತ್ತು, ವರ್ಷದ ಕೊನೆಗೆ ಎರಡೂ ಹೆಚ್ಚುಕಡಿಮೆ ಸಮಸಮ. ಬೇಗ ಬೇಕೆನ್ನುವವರಿಗೆ ಇಲ್ಲಿ ಏನೂ ಇಲ್ಲ. ಬಹುಪಾಲು ಜನರಿಗೆ ಶಸ್ತ್ರಚಿಕಿತ್ಸೆಯಿಲ್ಲದೆಯೇ ಒಂದು ವರ್ಷದ ಆಸುಪಾಸಿನಲ್ಲಿ ಗುಣವಾಗುತ್ತದೆ. ನಾವಿಬ್ಬರೂ ಉಳಿದ ಅಲ್ಪಸಂಖ್ಯಾತರಿಗೆ ಸೇರಿದವರು.

ಎಲ್ಲ ಹಿಮ್ಮಡಿ ನೋವೂ ಇದೇ ಅಲ್ಲವೆಂಬುದನ್ನೂ ಹೇಳಬೇಕು. ಮಲಗಿದ್ದಾಗಲೂ ಬಿಡದೆ ನೋಯುವುದು, ಜೋಮು ಹಿಡಿದು ಚುರುಗುಟ್ಟುವುದು, ಜ್ವರ, ಬಿದ್ದ ಮೇಲೆ ಕಾಲೂರಲಾಗದಿರುವುದು, ಎಳೆಯ ವಯಸ್ಸಿನವರಿಗೆ ಎರಡೂ ಹಿಮ್ಮಡಿಗಳ ಜೊತೆಗೆ ಬೆಳಗಿನ ಹೊತ್ತು ಸೊಂಟವೂ ಬಿಗಿಯುವುದು, ಇಂಥವು ಬೇರೆ ಕಾಯಿಲೆಗಳ ಸೂಚನೆಯಾಗಿರಬಹುದು. ಆಗ ಟವೆಲನ್ನು ಬದಿಗಿಟ್ಟು ವೈದ್ಯರನ್ನು ಕಾಣಬೇಕು.

ಚಪ್ಪಲಿಯ ವ್ಯಾಜ್ಯ ಹೀಗೆ ಇತ್ಯರ್ಥವಾಯಿತು. ಬೀದಿಯನ್ನೇ ಕಾಣದ, ಮನೆಯೊಳಗಿನವೇ ಆದ ಎರಡು ಜೊತೆ. ದೇವರ ಗೂಡಿನ ಮುಂದೆ ಒಂದು ಚೌಕ ಜಮಖಾನ, ಅದರಾಚೆಗೆ ಬರಿಗಾಲು. ಅಡುಗೆಕಟ್ಟೆಯ ಮುಂದೆ ದಪ್ಪನೆಯ ರಬ್ಬರಿನ ಹಾಸು, ಪಕ್ಕದಲ್ಲಿ ಎತ್ತರದ ಸ್ಟೂಲು. ತರಕಾರಿ ಹೆಚ್ಚುವ ಕೆಲಸ ಊಟದ ಮೇಜಿಗೆ, ಎಂದರೆ ನನ್ನ ಪಾಲಿಗೆ ಬಂದಿದೆ. ಬೀನ್ಸ್ ನಾನು ದಪ್ಪ ಹೆಚ್ಚುತ್ತೇನೆಂಬ ದೂರು ಹಾಗೆಯೇ ಇದೆ. ಬೆಳಿಗ್ಗೆ ಇಬ್ಬರೂ ಮಂಚದ ಎರಡು ಅಂಚಿನಲ್ಲಿ ಪರಸ್ಪರ ಬೆನ್ನು ಹಾಕಿ ಕುಳಿತು, ಬೆರಳು ಹಿಡಿದು ಹತ್ತು ಎಣಿಸುತ್ತೇವೆ. ಅವರ ಎಣಿಕೆ ನನ್ನದಕ್ಕಿಂತ ಬೇಗ ಮುಗಿಯುತ್ತದೆ. ಕಳೆದ ತಿಂಗಳು ಚಾಮುಂಡಿಬೆಟ್ಟದ ಮೆಟ್ಟಿಲುಗಳಲ್ಲಿ ನಂದಿಯವರೆಗೆ ಹತ್ತಿದೆವು. ಅಲ್ಲಿಂದ ಮುಂದಕ್ಕೆ ಬಸ್ಸು.